ವಿಮಾನ ತಪಾಸಣೆ ಮಾಡೋರಿಗೆ ಪಾಠ ಹೇಳೋರು ಯಾರು?

ಕಿರಾಣಿ ಅಂಗಡಿ ಇಟ್ಟವರಿಗೆಲ್ಲ ಗೊತ್ತಿರುವ ವಿಷಯ. ತಕ್ಕಡಿಗೆ ಕಾಲಕಾಲಕ್ಕೆ ತೂಕ-ಅಳತೆ ಇಲಾಖೆಯ ಮುದ್ರೆ ಬೀಳಲೇಬೇಕು. ಗೂಡ್ಸ್ ಗಾಡಿ ಇದ್ದವರು ಆರ್‌ಟಿಒ ಕಚೇರಿಗೆ ಹೋಗಿ ಎಫ್‌ಸಿ ಮಾಡಿಸಲೇಬೇಕು. ಆದರೆ ಮುದ್ರೆ ಹಾಕುವ ಇನ್‌ಸ್ಪೆಕ್ಟರ್‌ಗೇ ಕೆಲಸ ಸರಿಯಾಗಿ ಬರದಿದ್ದರೆ? ತಕ್ಕಡಿಯಲ್ಲಾದರೆ ನೂರು ಗ್ರಾಂ ಹೆಚ್ಚು ಕಡಿಮೆ ಆದೀತು. ವಿಮಾನದಲ್ಲಾದರೆ ಹೋಗೋದು ಜನರ ಜೀವ.

ವಿಮಾನಗಳಿಗೂ ಇಂಥ ಇನ್‌ಸ್ಪೆಕ್ಟರ್‌ಗಳಿದ್ದಾರೆ. ಅವರು ಸರ್ಕಾರದ ಕಡೆಯವರು. ಅವರನ್ನು ತಯಾರು ಮಾಡಲು ಪ್ರತ್ಯೇಕ ಶಾಲೆಗಳಿವೆ, ಪಾಠ ಹೇಳುವ ಬೋಧಕರೂ ಇದ್ದಾರೆ. ಹೊರಗಿನವರಿಗೆ ಹೆಚ್ಚು ಗೊತ್ತಿಲ್ಲದ ಈ ಕೆಲಸದಲ್ಲಿ ಎಡವಟ್ಟಾದರೆ ಒಂದು ದೇಶದ ಮರ್ಯಾದೆಯೇ ಹೋಗುತ್ತದೆ. 2014ರಲ್ಲಿ ಭಾರತಕ್ಕೆ ಆಗಿದ್ದೂ ಅದೇ.

ಇನ್‌ಸ್ಪೆಕ್ಟರ್ ಅಂದರೆ ಮೆಕ್ಯಾನಿಕ್ ಅಲ್ಲ

ಬಹಳ ಜನ ತಿಳಿದುಕೊಂಡಿರೋದು ವಿಮಾನ ಸುರಕ್ಷತಾ ಇನ್‌ಸ್ಪೆಕ್ಟರ್ ಅಂದರೆ ಸ್ಪ್ಯಾನರ್ ಹಿಡಿದು ರಿಪೇರಿ ಮಾಡುವವರು ಅಂತ. ಹಾಗಲ್ಲ. ರಿಪೇರಿ ಮಾಡೋದು ವಿಮಾನ ಕಂಪನಿಯ ಮೆಕ್ಯಾನಿಕ್. ಆ ಕೆಲಸ ಸರಿಯಾಗಿದೆ ಅಂತ ಸಹಿ ಹಾಕೋದು ಲೈಸೆನ್ಸ್ ಇರುವ ಎಂಜಿನಿಯರ್. ಈ ಇಡೀ ವ್ಯವಸ್ಥೆ ನಿಯಮದ ಪ್ರಕಾರ ನಡೆಯುತ್ತಿದೆಯಾ ಅಂತ ನೋಡೋದು ಸರ್ಕಾರಿ ಇನ್‌ಸ್ಪೆಕ್ಟರ್.

ಇವರಲ್ಲಿ ಮುಖ್ಯವಾಗಿ ಎರಡು ವಿಭಾಗ. ಒಂದು, ಹಾರಾಟದ ಕಡೆಯವರು. ಇವರು ಪೈಲಟ್‌ಗಳ ತರಬೇತಿ, ಡ್ಯೂಟಿ ಸಮಯ, ಕಾಕ್‌ಪಿಟ್‌ನಲ್ಲಿ ನಡೆಯುವ ಕೆಲಸ ನೋಡುತ್ತಾರೆ. ಇನ್ನೊಂದು, ವಿಮಾನದ ದೇಹಸ್ಥಿತಿ ನೋಡುವವರು. ಎಂಜಿನ್, ರೆಕ್ಕೆ, ವೈರಿಂಗ್, ಬಿಡಿಭಾಗ, ರಿಪೇರಿ ದಾಖಲೆ ಇವರ ಪಾಲಿಗೆ.

ಎಲ್ಲಾ ವಿಮಾನಗಳನ್ನೂ ದಿನಾ ನೋಡಲು ಯಾವ ದೇಶದ ಇನ್‌ಸ್ಪೆಕ್ಟರ್‌ಗಳಿಂದಲೂ ಆಗೋದಿಲ್ಲ. ಅನ್ನ ಬೆಂದಿದೆಯಾ ನೋಡಲು ಒಂದು ಅಗುಳು ಹಿಸುಕಿದರೆ ಸಾಕು ಅನ್ನುತ್ತಾರಲ್ಲ, ಆ ಲೆಕ್ಕದಲ್ಲಿ ಕೆಲವನ್ನು ಆರಿಸಿ ನೋಡಬೇಕು. ಯಾವ ಅಗುಳು ಹಿಸುಕಬೇಕು ಅನ್ನೋದನ್ನು ಕಲಿಸುವುದೇ ಬೋಧಕರ ಮೊದಲ ಕೆಲಸ.

ಒಕ್ಲಹಾಮಾದ ಶಾಲೆ

ಈ ತರಬೇತಿಗೆ ಜಗತ್ತಿನಲ್ಲಿ ಹೆಸರಾದ ಜಾಗ ಅಮೆರಿಕದ ಒಕ್ಲಹಾಮಾ ಸಿಟಿ. ಅಲ್ಲಿನ ವಿಮಾನಯಾನ ಇಲಾಖೆಯಾದ ಎಫ್‌ಎಎ ಸಂಸ್ಥೆಯ ಅಕಾಡೆಮಿ ಇರುವುದು ಮೈಕ್ ಮನ್ರೋನಿ ಏರೋನಾಟಿಕಲ್ ಸೆಂಟರ್‌ನಲ್ಲಿ. ಏರ್ ಟ್ರಾಫಿಕ್ ಕಂಟ್ರೋಲರ್‌ಗಳೂ ಕಲಿಯುವುದು ಇಲ್ಲೇ. ಬೇರೆ ದೇಶಗಳ ಅಧಿಕಾರಿಗಳೂ ಇಲ್ಲಿ ತರಬೇತಿ ಪಡೆಯುತ್ತಾರೆ.

ಇನ್‌ಸ್ಪೆಕ್ಟರ್ ಆಗಲು ಬರುವವರು ಕಾಲೇಜು ಮುಗಿಸಿದ ಹುಡುಗರಲ್ಲ. ವರ್ಷಗಟ್ಟಲೆ ವಿಮಾನ ಹಾರಿಸಿದವರು, ಹ್ಯಾಂಗರ್‌ನಲ್ಲಿ ಕೈ ಮಸಿ ಮಾಡಿಕೊಂಡವರು. ಬೋಧಕರಿಗೆ ಇದು ಅನುಕೂಲವೂ ಹೌದು, ತಲೆನೋವೂ ಹೌದು. ಎಂಜಿನ್ ಅಂದರೇನು ಅಂತ ಇವರಿಗೆ ಹೇಳಿಕೊಡಬೇಕಾಗಿಲ್ಲ. ಆದರೆ ದೋಷ ಕಂಡ ಕೂಡಲೇ 'ಕೊಡಿ ಇಲ್ಲಿ, ನಾನೇ ಸರಿ ಮಾಡ್ತೀನಿ' ಅನ್ನುವ ಹಳೇ ಅಭ್ಯಾಸ ಬಿಡಿಸಬೇಕು. ನಿನ್ನೆ ತನಕ ಜತೆಗೆ ಟೀ ಕುಡಿದವನ ಕೆಲಸದಲ್ಲಿ ಇವತ್ತು ತಪ್ಪು ಕಂಡರೆ ಮುಲಾಜಿಲ್ಲದೆ ಬರೆಯುವುದನ್ನೂ ಕಲಿಸಬೇಕು.

ನಿಯಮದ ಪುಸ್ತಕ ಓದಿಸೋದು ಸುಲಭ. ಕಣ್ಣು, ಬಾಯಿ, ಮನಸ್ಸು ತಿದ್ದೋದು ಕಷ್ಟ. ಅದನ್ನು ಚೆನ್ನಾಗಿ ಕಲಿಸುವುದು ಹಳೆಯ ಅಪಘಾತಗಳು. ವಿಮಾನ ಲೋಕದವರಿಗೆಲ್ಲ ಗೊತ್ತಿರುವ ಮೂರನ್ನು ನೋಡಿದರೆ ಈ ವಿದ್ಯೆ ಏನು ಅನ್ನೋದು ಅರ್ಥವಾಗುತ್ತದೆ.

ಪಾಠ ಒಂದು: ಸಹಿ ಇದೆ ಅಂದರೆ ಕೆಲಸ ಆಗಿದೆ ಅಂತಲ್ಲ

2000ದ ಜನವರಿ 31. ಅಲಾಸ್ಕಾ ಏರ್‌ಲೈನ್ಸ್‌ನ 261ನೇ ಸಂಖ್ಯೆಯ ವಿಮಾನ ಕ್ಯಾಲಿಫೋರ್ನಿಯಾ ಕರಾವಳಿಯಾಚೆ ಸಮುದ್ರಕ್ಕೆ ಬಿತ್ತು. ಅದರಲ್ಲಿದ್ದ 88 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ವಿಮಾನದ ಬಾಲದಲ್ಲಿ ಒಂದು ದೊಡ್ಡ ಸ್ಕ್ರೂ, ಅದಕ್ಕೊಂದು ನಟ್ ಇರುತ್ತದೆ. ವಿಮಾನದ ಮೂತಿ ಮೇಲೆ-ಕೆಳಗೆ ಆಗುವುದನ್ನು ಹದ್ದುಬಸ್ತಿನಲ್ಲಿಡುವ ಭಾಗ ಅದು. ಅದಕ್ಕೆ ಸರಿಯಾಗಿ ಗ್ರೀಸ್ ಬಿದ್ದಿರಲಿಲ್ಲ. ಒಣಗಿದ ಲೋಹ ಸವೆದು ನಟ್ಟಿನ ಮರೆಗಳೇ ಕಿತ್ತುಹೋಗಿದ್ದವು.

ದಾಖಲೆಯಲ್ಲಿ ಮಾತ್ರ ಗ್ರೀಸ್ ಹಾಕಲಾಗಿದೆ ಅಂತಲೇ ಇತ್ತು. ಕೊನೆಯ ಬಾರಿ ಆ ಕೆಲಸ ಮಾಡಿದ ಮೆಕ್ಯಾನಿಕ್ ತನಿಖೆಯಲ್ಲಿ ಹೇಳಿದ್ದು, ಕೆಲಸಕ್ಕೆ ಸುಮಾರು ಒಂದು ಗಂಟೆ ಹಿಡಿಯಿತು ಅಂತ. ಸರಿಯಾಗಿ ಮಾಡಿದ್ದರೆ ಅದಕ್ಕೆ ಹಲವು ಗಂಟೆ ಬೇಕಿತ್ತು. ಅದೂ ಅಲ್ಲದೆ, ಗ್ರೀಸ್ ಹಾಕುವ ಅವಧಿಯನ್ನು ಕಂಪನಿ ದೂರ ದೂರ ಮಾಡಿಕೊಂಡು ಬಂದಿತ್ತು. ಅದಕ್ಕೆ ಎಫ್‌ಎಎ ಒಪ್ಪಿಗೆಯೂ ಸಿಕ್ಕಿತ್ತು. ತನಿಖಾ ಮಂಡಳಿ ಇದನ್ನೂ ಎತ್ತಿ ಹೇಳಿತು. ಅಂದರೆ ತಪ್ಪು ಮೆಕ್ಯಾನಿಕ್ ಹತ್ತಿರ ನಿಲ್ಲಲಿಲ್ಲ, ಒಪ್ಪಿಗೆ ಕೊಟ್ಟ ಮೇಜಿನವರೆಗೂ ಬಂತು.

ಇದರಿಂದ ಇನ್‌ಸ್ಪೆಕ್ಟರ್ ಕಲಿಯಬೇಕಾದ್ದು ಸರಳ. 'ಆಯ್ತಾ?' ಅಂತ ಕೇಳಬಾರದು, 'ಹೇಗೆ ಮಾಡಿದ್ರಿ, ಎಷ್ಟು ಹೊತ್ತು ಹಿಡೀತು, ಯಾವ ಸಲಕರಣೆ ಬಳಸಿದ್ರಿ, ತೋರಿಸಿ' ಅಂತ ಕೇಳಬೇಕು. ಲೆಕ್ಕದ ಪುಸ್ತಕದಲ್ಲಿ ಸ್ಟಾಕ್ ಇದೆ ಅಂತ ಬರೆದಿದ್ದರೂ ಗೋಡೌನ್‌ಗೆ ಹೋಗಿ ಮೂಟೆ ಎಣಿಸುವ ವ್ಯಾಪಾರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪಾಠ ಎರಡು: ಕಣ್ಣಳತೆ ನಂಬಬೇಡಿ

1990ರ ಜೂನ್ 10. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಿಂದ ಸ್ಪೇನ್‌ನ ಮಲಗಾಕ್ಕೆ ಹೊರಟ ಬ್ರಿಟಿಷ್ ಏರ್‌ವೇಸ್ ವಿಮಾನ 17 ಸಾವಿರ ಅಡಿ ದಾಟಿದ್ದಾಗ ಕಾಕ್‌ಪಿಟ್‌ನ ಮುಂದಿನ ಗಾಜು ಕಿತ್ತು ಹಾರಿತು. ಕ್ಯಾಪ್ಟನ್ ಅರ್ಧ ದೇಹ ಹೊರಗೆ ಸೆಳೆದುಹೋಯಿತು. ಸಿಬ್ಬಂದಿ ಅವರ ಕಾಲು ಗಟ್ಟಿಯಾಗಿ ಹಿಡಿದುಕೊಂಡರು. ಸಹ ಪೈಲಟ್ ವಿಮಾನವನ್ನು ಸೌತಾಂಪ್ಟನ್‌ನಲ್ಲಿ ಇಳಿಸಿದರು. ಆಶ್ಚರ್ಯ ಅಂದರೆ ಕ್ಯಾಪ್ಟನ್ ಸೇರಿ ಎಲ್ಲರೂ ಬದುಕಿದರು.

ಆ ಗಾಜನ್ನು ಹೊಸದಾಗಿ ಕೂರಿಸಿ ಒಂದು ದಿನ ಕಳೆದಿತ್ತಷ್ಟೇ. ಹಾಕಿದ್ದ 90 ಬೋಲ್ಟ್‌ಗಳಲ್ಲಿ 84 ಬೋಲ್ಟ್ ಬೇಕಾದ ಅಳತೆಗಿಂತ ಸಣ್ಣವು. ವ್ಯತ್ಯಾಸ ಎಷ್ಟು ಗೊತ್ತಾ? ಒಂದು ಮಿಲಿಮೀಟರ್‌ಗಿಂತಲೂ ಕಡಿಮೆ. ರಾತ್ರಿ ಪಾಳಿಯ ಮೇಲ್ವಿಚಾರಕರು ಪುಸ್ತಕ ತೆಗೆದು ನಂಬರ್ ನೋಡಲಿಲ್ಲ. ಮಂದ ಬೆಳಕಿನಲ್ಲಿ ಹಳೇ ಬೋಲ್ಟ್ ಪಕ್ಕ ಹೊಸದನ್ನು ಹಿಡಿದು 'ಇದೇ' ಅಂದುಕೊಂಡರು.

ಇದರಲ್ಲಿ ಹಾರ್ಡ್‌ವೇರ್ ಅಂಗಡಿಯವರು ಗಮನಿಸಬೇಕಾದ ಮಾತೊಂದಿದೆ. ಸ್ಟೋರ್ಸ್‌ನಲ್ಲಿ ಬೋಲ್ಟ್ ಕೊಡುತ್ತಿದ್ದ ಅನುಭವಿ, ಈ ಗಾಜಿಗೆ ಬಳಸುವುದು ಬೇರೆ ನಂಬರಿನ ಬೋಲ್ಟ್ ಅಂತ ಹೇಳಿದ್ದರು. ಅವರ ಮಾತೇ ಸರಿಯಾಗಿತ್ತು. ಆದರೆ ಹಿರಿಯ ಅಧಿಕಾರಿ ಕೇಳಲಿಲ್ಲ, ಇವರೂ ಪಟ್ಟು ಹಿಡಿಯಲಿಲ್ಲ. ಕೌಂಟರ್ ಹಿಂದೆ ನಿಂತವನಿಗೆ ಗೊತ್ತಿದ್ದ ಸತ್ಯ ವಿಮಾನದವರೆಗೆ ತಲುಪಲೇ ಇಲ್ಲ. ಇನ್‌ಸ್ಪೆಕ್ಟರ್ ಆದವರು ದೊಡ್ಡ ಸಾಹೇಬರ ಚೇಂಬರ್‌ನಲ್ಲಷ್ಟೇ ಕೂತು ಬರಬಾರದು, ಸ್ಟೋರ್ಸ್‌ನವರನ್ನೂ ರಾತ್ರಿ ಪಾಳಿಯವರನ್ನೂ ಮಾತಾಡಿಸಬೇಕು ಅನ್ನೋದು ಇದಕ್ಕೇ.

ಪಾಠ ಮೂರು: ಕಂಡದ್ದನ್ನು ಹೇಳಿ

1988ರ ಏಪ್ರಿಲ್ 28ರಂದು ಹವಾಯಿ ದ್ವೀಪಗಳ ನಡುವೆ ಹಾರುತ್ತಿದ್ದ ಅಲೋಹಾ ಏರ್‌ಲೈನ್ಸ್ ವಿಮಾನದ ಛಾವಣಿಯೇ ಆಕಾಶದಲ್ಲಿ ಹರಿದುಹೋಯಿತು. ಸುಮಾರು 18 ಅಡಿ ಉದ್ದದ ಭಾಗ ಕಿತ್ತುಹೋಗಿ ಗಗನಸಖಿಯೊಬ್ಬರು ಪ್ರಾಣ ಕಳೆದುಕೊಂಡರು. ಪೈಲಟ್‌ಗಳು ಹೇಗೋ ವಿಮಾನ ಇಳಿಸಿದರು, ಉಳಿದವರು ಬದುಕಿದರು. 19 ವರ್ಷ ಹಳೆಯದಾದ ಆ ವಿಮಾನ ಉಪ್ಪು ಗಾಳಿಯಲ್ಲಿ ದಿನಾ ಹತ್ತಾರು ಬಾರಿ ಏರಿಳಿದು, ರಿವೆಟ್‌ಗಳ ಸಾಲಿನಲ್ಲಿ ಸಣ್ಣ ಸಣ್ಣ ಬಿರುಕು ಬಿಟ್ಟಿತ್ತು. ಕಂಪನಿಯ ತಪಾಸಣೆಯಲ್ಲಿ ಅದು ಸಿಕ್ಕಿರಲಿಲ್ಲ.

ವಿಮಾನ ಹತ್ತುವಾಗ ಒಬ್ಬ ಪ್ರಯಾಣಿಕರ ಕಣ್ಣಿಗೆ ಬಾಗಿಲ ಹತ್ತಿರದ ಬಿರುಕು ಬಿದ್ದಿತ್ತು. ಅವರು ಯಾರಿಗೂ ಹೇಳಲಿಲ್ಲ. ಇಷ್ಟು ದೊಡ್ಡವರೆಲ್ಲ ನೋಡಿರ್ತಾರೆ ಬಿಡು ಅಂತ ಅನಿಸೋದು ಮನುಷ್ಯ ಸಹಜ. ಇನ್‌ಸ್ಪೆಕ್ಟರ್‌ಗೆ ಆ ಸಲುಗೆ ಇಲ್ಲ. ಸಾವಿರಾರು ರಿವೆಟ್ ನೋಡಿ ಕಣ್ಣು ದಣಿದಿದ್ದರೂ, ಬೇರೆಯವರು ನೋಡಿರ್ತಾರೆ ಅನ್ನುವ ಯೋಚನೆ ತಲೆಗೆ ಬರಬಾರದು.

ಕಲಿಯೋದು ಹೇಗೆ?

ತರಬೇತಿ ತರಗತಿಯಲ್ಲಿ ಮುಗಿಯುವುದಿಲ್ಲ. ಕಚೇರಿಗೆ ಮರಳಿದ ಮೇಲೆ ಮೂರು ಮೆಟ್ಟಿಲು. ಮೊದಲು ಕೆಲಸದ ನಿಯಮ ತಿಳಿಯಬೇಕು. ಆಮೇಲೆ ಅನುಭವಿ ಇನ್‌ಸ್ಪೆಕ್ಟರ್ ಮಾಡೋದನ್ನು ಪಕ್ಕದಲ್ಲಿ ನಿಂತು ನೋಡಬೇಕು. ಕೊನೆಗೆ ತಾನೇ ಮಾಡಿ ತೋರಿಸಬೇಕು. ಸರಿ ಅಂತ ಹಿರಿಯರು ಸಹಿ ಹಾಕಿದ ಮೇಲೆಯೇ ಆ ಕೆಲಸಕ್ಕೆ ಒಬ್ಬರೇ ಹೋಗಬಹುದು. ಗ್ಯಾರೇಜಿನಲ್ಲಿ ಹುಡುಗರು ಕಲಿಯುವ ದಾರಿಯೂ ಇದೇ ಅಲ್ವಾ? ಇಲ್ಲಿ ಪ್ರತಿ ಮೆಟ್ಟಿಲಿಗೂ ದಾಖಲೆ ಇರುತ್ತದೆ, ಅಷ್ಟೇ ವ್ಯತ್ಯಾಸ.

ಬರವಣಿಗೆಗೂ ತರಬೇತಿ ಬೇಕು. 'ನಿರ್ವಹಣೆ ಸರಿಯಿಲ್ಲ' ಅಂತ ಬರೆದರೆ ಅದು ದೂರು, ಸಾಕ್ಷಿ ಅಲ್ಲ. ಯಾವ ವಿಮಾನ, ಯಾವ ಭಾಗ, ಯಾವ ತಾರೀಕು, ಯಾವ ನಿಯಮಕ್ಕೆ ವಿರುದ್ಧ ಅಂತ ಬರೆದರೆ ಮಾತ್ರ ಕಂಪನಿ ಜಾರಿಕೊಳ್ಳಲು ಆಗೋದಿಲ್ಲ.

ಭಾರತಕ್ಕೆ ಬಿದ್ದ ಪೆಟ್ಟು

ವಿಶ್ವಸಂಸ್ಥೆಯ ಅಂಗವಾದ ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ಪ್ರತಿ ದೇಶದ ಸುರಕ್ಷತಾ ವ್ಯವಸ್ಥೆಯನ್ನು ಎಂಟು ಅಂಶಗಳಲ್ಲಿ ಅಳೆಯುತ್ತದೆ. ಅದರಲ್ಲಿ ನಾಲ್ಕನೆಯದು, ತರಬೇತಿ ಪಡೆದ ಅರ್ಹ ತಾಂತ್ರಿಕ ಸಿಬ್ಬಂದಿ ಇದ್ದಾರೆಯೇ ಅನ್ನೋದು. ಕಾನೂನು ಎಷ್ಟೇ ಚೆನ್ನಾಗಿದ್ದರೂ ನೋಡಿಕೊಳ್ಳುವ ಜನ ಇಲ್ಲದಿದ್ದರೆ ಪ್ರಯೋಜನವಿಲ್ಲ.

ಭಾರತ ಎಡವಿದ್ದು ಇಲ್ಲೇ. 2014ರ ಜನವರಿ 31ರಂದು ಅಮೆರಿಕದ ಎಫ್‌ಎಎ ನಮ್ಮ ದೇಶವನ್ನು ಒಂದನೇ ದರ್ಜೆಯಿಂದ ಎರಡನೇ ದರ್ಜೆಗೆ ಇಳಿಸಿತು. ನಮ್ಮ ವಿಮಾನಯಾನ ನಿರ್ದೇಶನಾಲಯ ಡಿಜಿಸಿಎಯಲ್ಲಿ ತರಬೇತಿ ಪಡೆದ ಪೂರ್ಣಾವಧಿ ಇನ್‌ಸ್ಪೆಕ್ಟರ್‌ಗಳ ಕೊರತೆ ಇದ್ದದ್ದು ಇದಕ್ಕೆ ಮುಖ್ಯ ಕಾರಣಗಳಲ್ಲೊಂದು. ಅಮೆರಿಕಕ್ಕೆ ಹೋಗುತ್ತಿದ್ದ ಭಾರತದ ವಿಮಾನಗಳು ನಿಲ್ಲಲಿಲ್ಲ. ಆದರೆ ಹೊಸದಾಗಿ ಒಂದು ಹಾರಾಟವನ್ನೂ ಸೇರಿಸುವಂತಿರಲಿಲ್ಲ, ಅಲ್ಲಿಳಿದಾಗ ತಪಾಸಣೆಯೂ ಹೆಚ್ಚಾಯಿತು. ಆ ಪಟ್ಟಿ ಹೊರಬೀಳುವ ಕೆಲವೇ ದಿನ ಮೊದಲು ಕೇಂದ್ರ ಸಂಪುಟ 75 ಹೆಚ್ಚುವರಿ ಪೂರ್ಣಾವಧಿ ಇನ್‌ಸ್ಪೆಕ್ಟರ್‌ಗಳ ನೇಮಕಕ್ಕೆ ಒಪ್ಪಿಗೆ ಕೊಟ್ಟಿತ್ತು. ಹುದ್ದೆ ಮಂಜೂರಾದ ಮಾತ್ರಕ್ಕೆ ಇನ್‌ಸ್ಪೆಕ್ಟರ್ ತಯಾರಾಗಲ್ಲ, ಕಲಿಯಲು ಸಮಯ ಬೇಕೇ ಬೇಕು. ಒಂದನೇ ದರ್ಜೆ ಮರಳಿ ಸಿಕ್ಕಿದ್ದು 2015ರ ಏಪ್ರಿಲ್‌ನಲ್ಲಿ, ಒಂದು ವರ್ಷಕ್ಕೂ ಹೆಚ್ಚು ಕಾದ ಮೇಲೆ.

ಮಂಗಳೂರು ಮರೆಯುವ ಹಾಗಿಲ್ಲ

ಇದೆಲ್ಲ ದೂರದ ಕಥೆ ಅನಿಸಿದರೆ 2010ರ ಮೇ 22ನ್ನು ನೆನಪಿಸಿಕೊಳ್ಳಬೇಕು. ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಂಗಳೂರಿನ ರನ್‌ವೇ ದಾಟಿ ಕಣಿವೆಗೆ ಬಿತ್ತು. 158 ಜನ ಹೋದರು, ಉಳಿದದ್ದು ಎಂಟೇ ಜನ. ವಿಮಾನ ಸರಿಯಾದ ಎತ್ತರದಲ್ಲಿಲ್ಲ, ಮತ್ತೆ ಮೇಲೇರೋಣ ಅಂತ ಸಹ ಪೈಲಟ್ ಮೂರು ಬಾರಿ ಹೇಳಿದ್ದರು ಅಂತ ತನಿಖಾ ವರದಿ ಹೇಳಿತು. ಕ್ಯಾಪ್ಟನ್ ಕೇಳಲಿಲ್ಲ. ಬರ್ಮಿಂಗ್‌ಹ್ಯಾಮ್‌ನ ಸ್ಟೋರ್ಸ್‌ನಲ್ಲಿ ಆದದ್ದೇ ಇಲ್ಲಿ ಕಾಕ್‌ಪಿಟ್‌ನಲ್ಲಿ ಆಯಿತು. ಗೊತ್ತಿದ್ದವನು ಹೇಳಿದ, ಮೇಲಿನವನು ಕೇಳಲಿಲ್ಲ.

ಹಾರಾಟದ ಇನ್‌ಸ್ಪೆಕ್ಟರ್‌ಗಳು ಕಾಕ್‌ಪಿಟ್‌ನ ಹೆಚ್ಚುವರಿ ಸೀಟಿನಲ್ಲಿ ಕೂತು ಪ್ರಯಾಣ ಮಾಡೋದು ಇದಕ್ಕೇ. ಅವರು ಮೀಟರ್‌ಗಳನ್ನಷ್ಟೇ ನೋಡಲ್ಲ. ಕಿರಿಯ ಪೈಲಟ್ ಬಾಯಿ ಬಿಡುತ್ತಾರಾ, ಹಿರಿಯರು ಕಿವಿಗೊಡುತ್ತಾರಾ ಅನ್ನೋದನ್ನೂ ನೋಡುತ್ತಾರೆ.

ನಮ್ಮ ಮಕ್ಕಳಿಗೆ ದಾರಿ ಇದೆಯಾ?

ಇದೆ, ಆದರೆ ನೇರ ದಾರಿ ಅಲ್ಲ. ಪಿಯುಸಿ ವಿಜ್ಞಾನ ಓದಿದವರು ವಿಮಾನ ನಿರ್ವಹಣೆ ಎಂಜಿನಿಯರಿಂಗ್ ಕೋರ್ಸ್ ಮಾಡಿ ಡಿಜಿಸಿಎ ಪರೀಕ್ಷೆ ಬರೆದು ಲೈಸೆನ್ಸ್ ಪಡೆಯಬಹುದು. ಎಂಜಿನಿಯರಿಂಗ್ ಮುಗಿಸಿದವರಿಗೆ ಡಿಜಿಸಿಎಯ ತಾಂತ್ರಿಕ ಅಧಿಕಾರಿ ಹುದ್ದೆಗಳಿಗೆ ಯುಪಿಎಸ್‌ಸಿ ಮೂಲಕ ನೇಮಕ ನಡೆಯುತ್ತದೆ. ಪೈಲಟ್ ಆಗಿ ದೊಡ್ಡ ವಿಮಾನಗಳ ಅನುಭವ ಇದ್ದವರು ಹಾರಾಟದ ಇನ್‌ಸ್ಪೆಕ್ಟರ್ ಆಗಬಹುದು. ಬೋಧಕರ ಕುರ್ಚಿ ಇವೆಲ್ಲದರ ನಂತರ. ವರ್ಷಗಟ್ಟಲೆ ತಪಾಸಣೆ ಮಾಡಿ, ತಪ್ಪು ಕಂಡು, ಅದನ್ನು ಎದುರಿಗೇ ಹೇಳಿ ಅಭ್ಯಾಸ ಆದವರಿಗೆ ಆ ಕುರ್ಚಿ ಒಪ್ಪುತ್ತದೆ.

ಮುಂದಿನ ಸಲ ಬಾಗಿಲು ಹಾಕಿ ಹೊರಡಲು ನಿಂತ ವಿಮಾನ ತಾಂತ್ರಿಕ ಕಾರಣಕ್ಕೆ ಎರಡು ಗಂಟೆ ತಡವಾದರೆ ಗೊಣಗುವ ಮೊದಲು ಒಂದು ಮಾತು ನೆನಪಿರಲಿ. ಯಾರೋ ಒಬ್ಬರು ಬೋಲ್ಟ್ ನಂಬರ್ ಪುಸ್ತಕದಲ್ಲಿ ನೋಡುತ್ತಿರಬಹುದು. ಹಾಗೆ ನೋಡಲು ಅವರಿಗೆ ಯಾರೋ ಹೇಳಿಕೊಟ್ಟಿರುತ್ತಾರೆ.