ಸವಿನುಡಿಯೆಂಬ ಔಷಧ

ನಾಲಗೆಗೆ ಎಲುಬಿಲ್ಲವೆಂಬುದು ಲೋಕರೂಢಿಯ ಮಾತು. ಆ ಮೃದುವಾದ ಅವಯವವು ಮಾಡುವ ಗಾಯವೆಷ್ಟು ಕಠಿನವೆಂಬುದನ್ನು ನಾವು ಉಪಾಧ್ಯಾಯವೃತ್ತಿಯಲ್ಲಿದ್ದಾಗ ನಮ್ಮ ತಪ್ಪಿನಿಂದಲೇ ಕಲಿತೆವು.

ನಮ್ಮ ಸಂಸ್ಕೃತ ತರಗತಿಯಲ್ಲಿ ತೊದಲುವ ಬಾಲಕನೊಬ್ಬನಿದ್ದನು. ಒಂದು ದಿನ ಶಬ್ದರೂಪಗಳನ್ನು ಒಪ್ಪಿಸುತ್ತ 'ರಾಮಾಭ್ಯಾಮ್' ಎಂಬಲ್ಲಿ ತಡವರಿಸಿ ನಿಂತನು. ಉಚ್ಚಾರಣಶುದ್ಧಿಯ ಅಭಿಮಾನದಿಂದ ನಾವು, "ಈ ಭಾಷೆ ನಿನ್ನ ಬಾಯಿಗಲ್ಲ" ಎಂದುಬಿಟ್ಟೆವು. ತರಗತಿಯೆಲ್ಲ ನಕ್ಕಿತು. ಆ ವರ್ಷವಿಡೀ ಅವನು ನಮ್ಮೆದುರು ಬಾಯಿ ತೆರೆಯಲಿಲ್ಲ. ಬೆತ್ತದ ಬಾಸುಂಡೆಯಾದರೆ ವಾರದಲ್ಲಿ ಮಾಯುತ್ತಿದ್ದಿತು.

ಅಂದಿನಿಂದ ನಮ್ಮ ಸತ್ಯವೇದದ ಒಬ್ಬ ಪುರುಷನನ್ನು ನಾವು ಮತ್ತೆ ಮತ್ತೆ ನೆನೆಯುವೆವು. ಸೈಪ್ರಸ್ ದ್ವೀಪದ ಯೋಸೇಫನೆಂಬುವನಿಗೆ ಅಪೊಸ್ತಲರು ಬಾರ್ನಬನೆಂದು ಹೆಸರಿಟ್ಟರು. ಧೈರ್ಯವೀಯುವವನೆಂದು ಅದರ ತಾತ್ಪರ್ಯ. ಸಭೆಯನ್ನು ಹಿಂಸಿಸಿದ ಸೌಲನು ಮನಸ್ಸು ತಿರುಗಿ ಯೆರೂಸಲೇಮಿಗೆ ಬಂದಾಗ ಶಿಷ್ಯರೆಲ್ಲರೂ ಅವನಿಗೆ ಅಂಜಿದರು. ಅವನ ಕೈಹಿಡಿದು ಕರೆತಂದು, ಅವನ ಪರವಾಗಿ ಮಾತನಾಡಿದವನು ಬಾರ್ನಬನೇ. ಆ ಸೌಲನೇ ಪೌಲನಾದನು. ಮುಂದೆ ಯಾತ್ರೆಯ ನಡುವೆ ಬಿಟ್ಟುಹೋದ ಮಾರ್ಕನನ್ನು ಪೌಲನು ಒಲ್ಲೆನೆಂದಾಗ, ಬಾರ್ನಬನು ಅವನನ್ನು ತನ್ನೊಡನೆ ಕರೆದೊಯ್ದನು. ಕಾಲಾಂತರದಲ್ಲಿ ಪೌಲನೇ ಮಾರ್ಕನು ತನಗೆ ಉಪಯುಕ್ತನೆಂದು ಬರೆದನು. ಬಾರ್ನಬನದು ಮುಖಸ್ತುತಿಯಲ್ಲ; ಬಿದ್ದವನು ಏಳಬಲ್ಲನೆಂಬ ನಂಬಿಕೆ.

ಇದು ಕೇವಲ ಪುರಾತನ ಕಥೆಯೆಂದು ವಾಚಕರು ತಿಳಿಯಬಾರದು. ನಾವಿರುವ ಪದ್ಮನಾಭನಗರಕ್ಕೆ ಕೆಲವೇ ಮೈಲಿಗಳ ದೂರದಲ್ಲಿ, ಹೊಸೂರು ರಸ್ತೆಯಲ್ಲಿ, ನಿಮ್ಹಾನ್ಸ್ ಸಂಸ್ಥೆಯಿದೆ. ಮಾನಸಿಕ ವ್ಯಥೆಯುಳ್ಳವರಿಗಾಗಿ 2022ರ ಅಕ್ಟೋಬರಿನಲ್ಲಿ ಆರಂಭವಾದ 'ಟೆಲಿ ಮಾನಸ್' ಎಂಬ ರಾಷ್ಟ್ರೀಯ ದೂರವಾಣಿ ಸೇವೆಗೆ ಅದೇ ಮಾರ್ಗದರ್ಶಕ ಕೇಂದ್ರ. 14416 ಎಂಬ ಸಂಖ್ಯೆಗೆ ಹಗಲಿರುಳೆನ್ನದೆ ಯಾರೂ ಕರೆಯಬಹುದು. ಕನ್ನಡದಲ್ಲಿಯೂ ಉತ್ತರ ದೊರೆಯುವುದು. ಮೊದಲಿಗೆ ಅಲ್ಲಿ ಸಿಗುವುದು ಗುಳಿಗೆಯಲ್ಲ, ಆಲಿಸುವ ಕಿವಿ ಮತ್ತು ಸಮಾಧಾನದ ನುಡಿ. ಔಷಧವು ಬೇಕಾದವರಿಗೆ ಔಷಧವು ಬೇಕೇ ಬೇಕು. ಆದರೆ ವೈದ್ಯನ ಬಾಗಿಲವರೆಗೆ ಹೋಗುವ ಧೈರ್ಯವನ್ನು ಬಹುಮಂದಿಗೆ ಒಂದು ಸವಿಮಾತೇ ಕೊಡುವುದು.

ಗೃಹಸ್ಥರಾದ ನಮಗೆ ಇದಕ್ಕೆ ದೂರ ಹೋಗಬೇಕಾಗಿಲ್ಲ. ಪರೀಕ್ಷೆಯಲ್ಲಿ ಸೋತ ಮಗಳು, ಕೆಲಸ ಕಳೆದುಕೊಂಡ ಅಳಿಯ, ಹೇಳಿದುದನ್ನೇ ಹೇಳುವ ವೃದ್ಧ ತಾಯಿ, ಇವರೆಲ್ಲರೂ ನಮ್ಮ ಮನೆಯೊಳಗೇ ಇರುವರು. ತಪ್ಪನ್ನು ತಿದ್ದುವುದಾದರೆ ಏಕಾಂತದಲ್ಲಿ ತಿದ್ದೋಣ. ಮೆಚ್ಚುವುದಾದರೆ ನಾಲ್ವರ ಮುಂದೆ ಮೆಚ್ಚೋಣ.

ಆ ಬಾಲಕನು ಈಗೆಲ್ಲಿರುವನೋ ನಾವರಿಯೆವು. ಅಂದು ಸಂಜೆಯೇ ಅವನ ಹೆಗಲ ಮೇಲೆ ಕೈಯಿಟ್ಟು, "ನಾಳೆ ಇಬ್ಬರೂ ಕೂಡಿ ಹೇಳೋಣ" ಎನ್ನಬಹುದಾಗಿತ್ತು. ಅಷ್ಟಕ್ಕೆ ಒಂದು ನಿಮಿಷವೂ ಹಿಡಿಯುತ್ತಿರಲಿಲ್ಲ.