ಕಾಲೇಜು ವಿದ್ಯಾರ್ಥಿಗಳೂ ಗಣಕಯಂತ್ರವೂ

ನಮ್ಮ ನಾಡಿನ ಕಾಲೇಜುಗಳಲ್ಲಿ ಇತಿಹಾಸ, ಅರ್ಥಶಾಸ್ತ್ರ, ಭಾಷೆ, ವಾಣಿಜ್ಯ ಮುಂತಾದ ವಿಷಯಗಳನ್ನು ಹಿಡಿದು ಓದುತ್ತಿರುವ ತರುಣ ತರುಣಿಯರ ಸಂಖ್ಯೆಯು ಅಲ್ಪವಾದುದಲ್ಲ. ನಾಳೆ ತಾಲ್ಲೂಕು ಕಚೇರಿಯ ಗುಮಾಸ್ತರೂ ಗ್ರಾಮ ಆಡಳಿತಾಧಿಕಾರಿಗಳೂ ಬ್ಯಾಂಕಿನ ನೌಕರರೂ ಉಪಾಧ್ಯಾಯರೂ ವಕೀಲರೂ ಆಗತಕ್ಕವರು ಬಹುಮಟ್ಟಿಗೆ ಇವರೇ. ಇವರ ಕೈಯಿಂದ ನಡೆಯತಕ್ಕ ಕೆಲಸಗಳಲ್ಲಿ ಗಣಕಯಂತ್ರದ ಸಂಪರ್ಕವಿಲ್ಲದ ಕೆಲಸವನ್ನು ಹುಡುಕಿ ತೆಗೆಯುವುದು ಈಗ ಕಷ್ಟ. ಹೀಗಿರಲು, ಯಂತ್ರವಿದ್ಯೆಯನ್ನು ವೃತ್ತಿಯಾಗಿ ಹಿಡಿಯದ ಈ ವಿದ್ಯಾರ್ಥಿಗಳಿಗೆ ಆ ಯಂತ್ರದ ಪರಿಚಯವನ್ನು ಯಾವ ರೀತಿಯಲ್ಲಿ ಮಾಡಿಕೊಡಬೇಕೆಂಬುದು ಕೇವಲ ಅಧ್ಯಾಪಕರ ಪ್ರಶ್ನೆಯಲ್ಲ. ಸಮಸ್ತ ಜನತೆಯ ಹಿತಕ್ಕೆ ಸಂಬಂಧಪಟ್ಟ ಪ್ರಶ್ನೆ.

ಈ ವಿಷಯದಲ್ಲಿ ನಮ್ಮವರು ಏನೂ ಮಾಡಿಲ್ಲವೆಂದು ಹೇಳುವುದು ನ್ಯಾಯವಾಗದು. 2021-22ನೆಯ ಸಾಲಿನಲ್ಲಿ ಹೊಸ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಕರ್ನಾಟಕದ ಪದವಿ ತರಗತಿಗಳಲ್ಲಿ ಜಾರಿಗೆ ತಂದಾಗ ‘ಡಿಜಿಟಲ್ ಫ್ಲುಯೆನ್ಸಿ’ ಎಂಬ ಪಾಠಕ್ರಮವನ್ನು ಸೇರಿಸಲಾಯಿತು. 2024ರಲ್ಲಿ ಸರ್ಕಾರವು ಆ ವ್ಯವಸ್ಥೆಯನ್ನು ಬಿಟ್ಟು ಮೂರು ವರ್ಷಗಳ ಪದವಿಗೆ ಹಿಂದಿರುಗಿತು. ನೀತಿಗಳು ಬರಲಿ, ಹೋಗಲಿ. ಉದ್ದೇಶವು ಒಳ್ಳೆಯದೇ ಆಗಿತ್ತು. ಆದರೆ ಕೃತಕ ಬುದ್ಧಿಮತ್ತೆ ಮೊದಲಾದ ದೊಡ್ಡ ದೊಡ್ಡ ಹೆಸರುಗಳನ್ನು ಕೆಲವೇ ಗಂಟೆಗಳಲ್ಲಿ ಕಿವಿಯ ಮೇಲೆ ಹಾಕಿ, ಅವುಗಳ ಲಕ್ಷಣಗಳನ್ನು ಕಂಠಪಾಠ ಮಾಡಿಸಿ, ಪರೀಕ್ಷೆಯಲ್ಲಿ ಒಪ್ಪಿಸಿಕೊಂಡರೆ ವಿದ್ಯೆ ಬಂದಂತಾಗುವುದೆ? ದಂಡೆಯ ಮೇಲೆ ಕೂಡಿಸಿ ಈಜಿನ ಲಕ್ಷಣವನ್ನು ಎಷ್ಟು ಬರೆಸಿದರೂ ಹುಡುಗನು ಹೊಳೆಯನ್ನು ದಾಟಲಾರನು. ಇದಕ್ಕೆ ಪ್ರತಿಯಾಗಿ, ಯಾವ ಗುಂಡಿಯನ್ನು ಒತ್ತಿದರೆ ಯಾವ ಪಟ್ಟಿಯು ತೆರೆಯುವುದೆಂಬುದನ್ನು ಮಾತ್ರ ಕಲಿಸುವ ಪದ್ಧತಿಯೂ ಉಂಟು. ಮರುವರ್ಷ ಗುಂಡಿಯ ಸ್ಥಾನವು ಬದಲಾದರೆ ಆ ವಿದ್ಯೆಯೂ ಅಲ್ಲಿಗೇ ಮುಗಿಯಿತು.

ಈ ಪ್ರಶ್ನೆಯನ್ನು ಅರುವತ್ತು ವರ್ಷಗಳ ಹಿಂದೆಯೇ ಎತ್ತಿಕೊಂಡು ಸಮರ್ಪಕವಾಗಿ ಬಿಡಿಸಿದ ಒಂದು ಕಾಲೇಜಿನ ವೃತ್ತಾಂತವನ್ನು ವಾಚಕರ ಮುಂದಿಡಲು ಇಚ್ಛಿಸುತ್ತೇವೆ. ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ಸಂಸ್ಥಾನದ ಹ್ಯಾನೋವರ್ ಎಂಬ ಚಿಕ್ಕ ಊರಿನಲ್ಲಿ ಡಾರ್ಟ್‌ಮತ್ ಕಾಲೇಜು ಇದೆ. 1960ರ ಸುಮಾರಿನಲ್ಲಿ ಅಲ್ಲಿ ಜಾನ್ ಕೆಮೆನಿ ಮತ್ತು ಥಾಮಸ್ ಕರ್ಟ್ಜ್ ಎಂಬ ಇಬ್ಬರು ಗಣಿತದ ಪ್ರಾಧ್ಯಾಪಕರಿದ್ದರು. ಕೆಮೆನಿಯವರು 1926ರಲ್ಲಿ ಹಂಗೇರಿಯ ಬುಡಾಪೆಸ್ಟ್ ನಗರದಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ಕುಟುಂಬದೊಡನೆ ಅಮೆರಿಕಕ್ಕೆ ವಲಸೆ ಬಂದು, ಕೆಲಕಾಲ ಐನ್‌ಸ್ಟೈನರಿಗೆ ಗಣಿತ ಸಹಾಯಕರಾಗಿದ್ದವರು. ಆ ಕಾಲದಲ್ಲಿ ಗಣಕಯಂತ್ರವೆಂದರೆ ಒಂದು ದೊಡ್ಡ ಕೊಠಡಿಯನ್ನು ತುಂಬುವ ವಸ್ತು. ಸಾಮಾನ್ಯ ವಿದ್ಯಾರ್ಥಿಗೆ ಅದರ ದರ್ಶನವೇ ದುರ್ಲಭ. ಬೇಕಾದ ಲೆಕ್ಕವನ್ನು ರಂಧ್ರ ಕೊರೆದ ರಟ್ಟಿನ ಚೀಟಿಗಳ ಮೇಲೆ ಸಿದ್ಧಪಡಿಸಿ ಯಂತ್ರಾಧಿಕಾರಿಗಳಿಗೆ ಒಪ್ಪಿಸಿ, ಉತ್ತರಕ್ಕಾಗಿ ಗಂಟೆಗಟ್ಟಲೆ, ಕೆಲವೊಮ್ಮೆ ದಿನವೆಲ್ಲ ಕಾಯಬೇಕಾಗಿತ್ತು. ಚೀಟಿಯಲ್ಲಿ ಒಂದು ತಪ್ಪಿದ್ದರೆ ಮತ್ತೆ ಮೊದಲಿನಿಂದ ಆರಂಭ. ಡಾರ್ಟ್‌ಮತ್ತಿನಲ್ಲಿ ಮೊದಮೊದಲು ತಕ್ಕ ಯಂತ್ರವೂ ಇರಲಿಲ್ಲವಾಗಿ, ಕರ್ಟ್ಜ್‌ರವರು ಚೀಟಿಗಳ ಪೆಟ್ಟಿಗೆಯನ್ನು ಹೊತ್ತು ರೈಲಿನಲ್ಲಿ ಮೆಸಚೂಸೆಟ್ಸ್ ತಾಂತ್ರಿಕ ವಿದ್ಯಾಸಂಸ್ಥೆಗೆ ಪ್ರಯಾಣ ಮಾಡುತ್ತಿದ್ದರು.

ಈ ಪ್ರಾಧ್ಯಾಪಕರಿಬ್ಬರು ಮಾಡಿದ ವಿಚಾರವು ಗಮನಾರ್ಹವಾದುದು. ತಮ್ಮ ಕಾಲೇಜಿನಲ್ಲಿ ನಾಲ್ಕರಲ್ಲಿ ಸುಮಾರು ಮೂರು ಪಾಲು ವಿದ್ಯಾರ್ಥಿಗಳು ವಿಜ್ಞಾನವನ್ನಾಗಲಿ ಇಂಜಿನಿಯರಿಂಗನ್ನಾಗಲಿ ಓದುವವರಲ್ಲ. ಆದರೆ ಮುಂದೆ ಸರ್ಕಾರದಲ್ಲಿಯೂ ವ್ಯಾಪಾರದಲ್ಲಿಯೂ ಯಂತ್ರಗಳ ಬಗ್ಗೆ ನಿರ್ಣಯ ಮಾಡತಕ್ಕವರು ಇವರೇ. ಯಂತ್ರವನ್ನು ಒಮ್ಮೆಯೂ ಕೈಯಿಂದ ಮುಟ್ಟದವರು ಅದರ ಬಗ್ಗೆ ಯೋಗ್ಯ ನಿರ್ಣಯವನ್ನು ಹೇಗೆ ಮಾಡಿಯಾರು? ಆದಕಾರಣ ಪ್ರತಿಯೊಬ್ಬ ವಿದ್ಯಾರ್ಥಿಗೂ ಯಂತ್ರವು ಕೈಗೆ ಸಿಕ್ಕಬೇಕು, ಗ್ರಂಥಾಲಯದ ಕಪಾಟಿನಿಂದ ಪುಸ್ತಕವನ್ನು ತೆಗೆದುಕೊಳ್ಳುವಷ್ಟು ನಿರಾತಂಕವಾಗಿ ಸಿಕ್ಕಬೇಕು, ಎಂದು ಅವರು ನಿಶ್ಚಯಿಸಿದರು.

ಇದಕ್ಕಾಗಿ ಅವರು ಎರಡು ಉಪಾಯಗಳನ್ನು ಹೂಡಿದರು. ಮೊದಲನೆಯದು, ಯಂತ್ರವೊಂದನ್ನೇ ಅನೇಕರು ಏಕಕಾಲದಲ್ಲಿ ಉಪಯೋಗಿಸುವ ಏರ್ಪಾಡು. ಒಬ್ಬ ಚುರುಕಾದ ಶಾನುಭೋಗನು ಹತ್ತು ಮಂದಿ ರೈತರ ನಡುವೆ ಕುಳಿತು, ಒಬ್ಬೊಬ್ಬರಿಗೆ ಒಂದೊಂದು ಮಾತಿನ ಉತ್ತರ ಕೊಡುತ್ತ ಸರದಿಯಲ್ಲಿ ಸುತ್ತಿದಂತೆ, ಯಂತ್ರವು ಕ್ಷಣದ ಒಂದೊಂದು ಭಾಗವನ್ನು ಒಬ್ಬೊಬ್ಬ ವಿದ್ಯಾರ್ಥಿಗೆ ಕೊಡುವುದು. ಅದರ ವೇಗದ ದೆಸೆಯಿಂದ ಪ್ರತಿಯೊಬ್ಬನಿಗೂ ಯಂತ್ರವೆಲ್ಲ ತನ್ನೊಬ್ಬನದೇ ಎಂಬ ಭಾವನೆಯುಂಟಾಗುವುದು. ಎರಡನೆಯದು, ಆರಂಭಿಕರಿಗೆಂದೇ ರಚಿಸಿದ ‘ಬೇಸಿಕ್’ ಎಂಬ ಭಾಷೆ. ಯಂತ್ರಕ್ಕೆ ಕೊಡುವ ಆಜ್ಞೆಗಳ ಸರಣಿಗೆ ಪ್ರೋಗ್ರಾಮು ಎಂದು ಹೆಸರು. ಈ ಆಜ್ಞೆಗಳಿಗೆ ಆ ವಿದ್ಯಾರ್ಥಿಗಳು ಮನೆಯಲ್ಲಿ ಆಡುವ ಇಂಗ್ಲಿಷಿನ ಸರಳ ಪದಗಳನ್ನೇ ಆರಿಸಿಕೊಂಡರು. ಕೆಲಸಕ್ಕೆ ಕುಳಿತಾಗ ‘ಹಲೋ’ ಎಂದರೆ ಸಾಕು. ಮುಗಿಸಿ ಏಳುವಾಗ ‘ಗುಡ್‌ಬೈ’. 1964ನೆಯ ಇಸವಿ ಮೇ 1ನೆಯ ತಾರೀಖಿನ ಬೆಳಗಿನ ಝಾವ 4 ಗಂಟೆಗೆ ಈ ಭಾಷೆಯ ಪ್ರೋಗ್ರಾಮು ಮೊದಲ ಸಲ ನಡೆಯಿತು. ಈ ಏರ್ಪಾಡನ್ನು ಕಟ್ಟುವ ಶ್ರಮದಲ್ಲಿ ಬಹುಪಾಲನ್ನು ಹೊತ್ತವರು ಕಾಲೇಜಿನ ವಿದ್ಯಾರ್ಥಿಗಳೇ ಎಂಬುದು ವಿಶೇಷ. ಕೆಮೆನಿಯವರು 1970ರಿಂದ 1981ರ ವರೆಗೆ ಅದೇ ಕಾಲೇಜಿನ ಅಧ್ಯಕ್ಷರಾಗಿದ್ದು 1992ರಲ್ಲಿ ತೀರಿಕೊಂಡರು. ಕರ್ಟ್ಜ್‌ರವರು 2024ರಲ್ಲಿ ಕಾಲವಾದರು. ಅವರ ಬೇಸಿಕ್ ಭಾಷೆಯು ಮುಂದೆ ಮನೆಮನೆಯ ಚಿಕ್ಕ ಯಂತ್ರಗಳಲ್ಲಿ ನೆಲಸಿ, ಲಕ್ಷಾಂತರ ಜನರಿಗೆ ಮೊದಲ ಗುರುವಾಯಿತು.

ಡಾರ್ಟ್‌ಮತ್ತಿನ ಯಂತ್ರವನ್ನಾಗಲಿ ಭಾಷೆಯನ್ನಾಗಲಿ ನಾವು ಇಂದು ತರಬೇಕೆಂದಿಲ್ಲ. ಅಲ್ಲಿಂದ ಗ್ರಹಿಸತಕ್ಕ ತತ್ತ್ವವು ಒಂದೇ: ವಿದ್ಯಾರ್ಥಿಯು ತನಗೆ ಪರಿಚಿತವಾದ ಮಾತಿನಲ್ಲಿ, ತನ್ನದೇ ಒಂದು ಕೆಲಸವನ್ನು, ತನ್ನ ಕೈಯಿಂದಲೇ ಯಂತ್ರದ ಮೂಲಕ ಮಾಡಿಸಬೇಕು. ಮಾಡಿಸುವಾಗ ತಪ್ಪಬೇಕು, ತಪ್ಪನ್ನು ತಾನೇ ಹುಡುಕಿ ತಿದ್ದಬೇಕು. ಯಂತ್ರವು ಹೇಳಿದಷ್ಟನ್ನೇ ಮಾಡುವುದು, ಹೇಳದ್ದನ್ನು ಊಹಿಸಿ ಮಾಡಲಾರದು, ಎಂಬ ಅರಿವು ಹುಟ್ಟುವುದು ಈ ತಿದ್ದುಗೆಯಿಂದಲೇ.

ಈ ಅರಿವಿನಿಂದ ಆಗುವ ಲಾಭವೇನೆಂದು ಕೇಳುವವರಿಗೆ ನಮ್ಮ ಕಚೇರಿಗಳಿಂದಲೇ ಒಂದು ಉದಾಹರಣೆಯನ್ನು ಕೊಡೋಣ. ಯಂತ್ರವು ಅಕ್ಷರಗಳನ್ನು ಅರಿಯದು. ಸಂಖ್ಯೆಗಳನ್ನು ಮಾತ್ರ ಅರಿಯುವುದು. 1991ರಲ್ಲಿ ಪ್ರಕಟವಾದ ಯೂನಿಕೋಡ್ ಎಂಬ ಸಂಕೇತ ಪದ್ಧತಿಯಲ್ಲಿ ಲೋಕದ ಇತರ ಲಿಪಿಗಳೊಡನೆ ಕನ್ನಡಕ್ಕೂ 128 ಸ್ಥಾನಗಳು ಮೀಸಲಾದವು. ಅದರಲ್ಲಿ ‘ಕ’ ಎಂಬ ಅಕ್ಷರದ ಸಂಖ್ಯೆ 3221. ನಮಗೆ ಒಂದೇ ಅಕ್ಷರವಾಗಿ ಕಾಣುವ ‘ಕ್ಷ’ ಯಂತ್ರಕ್ಕೆ ಮೂರು ಸಂಖ್ಯೆಗಳು: ಕಕಾರ, ವ್ಯಂಜನ ಚಿಹ್ನೆ, ಷಕಾರ. ಈಗ ಒಬ್ಬ ರೈತನ ಹೆಸರು ಒಂದು ದಾಖಲೆಯಲ್ಲಿ ‘ಮಂಜುನಾಥ’ ಎಂದೂ ಮತ್ತೊಂದರಲ್ಲಿ ‘ಮಂಜುನಾಥ್’ ಎಂದೂ ಇದೆಯೆಂದು ಭಾವಿಸಿರಿ. ಓದುವ ಮನುಷ್ಯನಿಗೆ ಎರಡೂ ಒಂದೇ. ಯಂತ್ರಕ್ಕಾದರೋ ಮೊದಲನೆಯದು ಏಳು ಸಂಖ್ಯೆಗಳ ಸಾಲು, ಎರಡನೆಯದು ಎಂಟು ಸಂಖ್ಯೆಗಳ ಸಾಲು. ಎರಡು ಸಾಲುಗಳನ್ನು ಅಕ್ಷರಶಃ ಹೋಲಿಸೆಂದು ಮಾತ್ರ ಪ್ರೋಗ್ರಾಮಿನಲ್ಲಿ ಬರೆದಿದ್ದರೆ, ಅದು ಇವರಿಬ್ಬರೂ ಬೇರೆ ಬೇರೆ ವ್ಯಕ್ತಿಗಳೆಂದು ನಿರ್ದಾಕ್ಷಿಣ್ಯವಾಗಿ ತೀರ್ಮಾನಿಸುವುದು.

ಕರ್ನಾಟಕದಲ್ಲಿ 2000ದ ಸುಮಾರಿನಿಂದ ನಡೆದ ‘ಭೂಮಿ’ ಯೋಜನೆಯಲ್ಲಿ ಸುಮಾರು 2 ಕೋಟಿ ಪಹಣಿ ಪತ್ರಗಳು ಗಣಕಯಂತ್ರಕ್ಕೆ ಏರಿದವು. ಅದರಿಂದ ಜನರಿಗೆ ಅನುಕೂಲವಾದುದು ನಿಜ. ಆದರೆ ಕಿಟಕಿಯ ಒಳಗಡೆ ಕುಳಿತ ಪದವೀಧರನಿಗೆ ಮೇಲಿನ ಏಳು-ಎಂಟರ ಮರ್ಮವು ತಿಳಿಯದಿದ್ದರೆ, ಅವನು “ಕಂಪ್ಯೂಟರು ಒಪ್ಪುವುದಿಲ್ಲ” ಎಂದು ಹೇಳಿ ಅರ್ಜಿಯನ್ನು ಹಿಂದಕ್ಕೆ ಕೊಡುವನು. ಹೊರಗಡೆ ನಿಂತವನಿಗೂ ತಿಳಿಯದಿದ್ದರೆ ಅವನು ಹಣೆಬರಹವೆಂದು ಹಿಂದಿರುಗುವನು. ಯಂತ್ರವು ಒಪ್ಪದಿರುವುದೆಂದರೆ ಯಾರೋ ಒಬ್ಬ ಮನುಷ್ಯನು ಬರೆದ ನಿಯಮವು ಒಪ್ಪದಿರುವುದೆಂದೇ ಅರ್ಥ. ಮನುಷ್ಯನು ಬರೆದುದನ್ನು ಮನುಷ್ಯನು ಪ್ರಶ್ನಿಸಬಹುದು, ತಿದ್ದಿಸಬಹುದು. ಇಷ್ಟು ತಿಳಿವಳಿಕೆಯಿರುವ ಗುಮಾಸ್ತನು ಅರ್ಜಿದಾರನಿಗೆ ದಾರಿ ತೋರಿಸುವನು. ಇಲ್ಲದವನು ಯಂತ್ರದ ದ್ವಾರಪಾಲಕನಾಗಿ ನಿಲ್ಲುವನು.

“ಈಗಿನ ಹುಡುಗರಿಗೆ ಇದನ್ನೆಲ್ಲ ಕಲಿಸಬೇಕೆ? ಅವರ ಅಂಗೈಯಲ್ಲಿಯೇ ಫೋನು ಇದೆಯಲ್ಲ!” ಎಂಬ ಆಕ್ಷೇಪವನ್ನು ನಾವು ಆಗಾಗ್ಗೆ ಕೇಳುತ್ತೇವೆ. ಬಸ್ಸಿನಲ್ಲಿ ನಿತ್ಯ ಪ್ರಯಾಣ ಮಾಡಿದ ಮಾತ್ರಕ್ಕೆ ಬಸ್ಸು ನಡೆಸಲು ಬಂದೀತೆ? ಫೋನಿನ ಬಳಕೆಯಲ್ಲಿ ನುರಿತವರೂ, ಉನ್ನತ ಹುದ್ದೆಯಿಂದ ನಿವೃತ್ತರಾದವರೂ ‘ಡಿಜಿಟಲ್ ಅರೆಸ್ಟ್’ ಎಂಬ ವಂಚನೆಗೆ ಸಿಲುಕಿ ಹಣವನ್ನು ಕಳೆದುಕೊಂಡುದನ್ನು ವಾಚಕರು ಬಲ್ಲರು. ಅಂಥ ಬಂಧನವು ಕಾನೂನಿನಲ್ಲಿಯೇ ಇಲ್ಲವೆಂದು 2024ರ ಅಕ್ಟೋಬರಿನಲ್ಲಿ ಪ್ರಧಾನಮಂತ್ರಿಗಳೇ ರೇಡಿಯೋ ಭಾಷಣದಲ್ಲಿ ಸಾರಬೇಕಾಯಿತು.

ಮತ್ತೊಂದು ಆಕ್ಷೇಪವು ಇನ್ನೂ ಹೊಸದು. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಎಂಬ ಸಾಧನವು ಬಂದ ಮೇಲೆ ಯಂತ್ರವೇ ಪ್ರಬಂಧವನ್ನೂ ಪ್ರೋಗ್ರಾಮನ್ನೂ ಬರೆದುಕೊಡುತ್ತಿರುವಾಗ, ವಿದ್ಯಾರ್ಥಿಯು ಏಕೆ ಕಲಿಯಬೇಕು ಎನ್ನುವರು. ಇಂಥ ಸಾಧನವು ಅಪಾರ ಬರಹವನ್ನು ಮೊದಲೇ ಅರಗಿಸಿಕೊಂಡು, ಒಂದು ಮಾತಿನ ಮುಂದೆ ಯಾವ ಮಾತು ಬರುವ ಸಂಭವ ಹೆಚ್ಚೆಂದು ಲೆಕ್ಕ ಹಾಕಿ ವಾಕ್ಯವನ್ನು ಹೆಣೆಯುವುದು. ಆದುದರಿಂದ ಅದು ಸತ್ಯವನ್ನು ಹೇಳುವಾಗಲೂ ಸುಳ್ಳನ್ನು ಹೇಳುವಾಗಲೂ ಧ್ವನಿಯು ಒಂದೇ ಆಗಿರುವುದು. ಬರೆದುಕೊಡುವವನು ಸಿಕ್ಕಿದನೆಂದು ಓದಿ ಪರೀಕ್ಷಿಸುವ ಶಕ್ತಿಯನ್ನು ಬಿಟ್ಟುಕೊಟ್ಟವನ ಪಾಡು, ತಿಳಿಯದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದವನ ಪಾಡಿಗಿಂತ ಬೇರೆಯಲ್ಲ.

ಹಾಗಾದರೆ ಮಾಡತಕ್ಕದ್ದೇನು? ಮೊದಲನೆಯದಾಗಿ, ಉಪನ್ಯಾಸದ ಗಂಟೆಗಳನ್ನು ಕಡಿಮೆ ಮಾಡಿ ಪ್ರಯೋಗಶಾಲೆಯ ಗಂಟೆಗಳನ್ನು ಹೆಚ್ಚಿಸಬೇಕು. ಬೀಗ ಹಾಕಿದ ಪ್ರಯೋಗಶಾಲೆಯಲ್ಲಿ ಎಷ್ಟು ಯಂತ್ರಗಳಿದ್ದರೂ ವ್ಯರ್ಥ. ಅದು ಗ್ರಂಥಾಲಯದಂತೆ ಸಂಜೆಯ ವೇಳೆಯಲ್ಲಿಯೂ ತೆರೆದಿರಬೇಕು. ಎರಡನೆಯದಾಗಿ, ಕೆಲಸವು ವಿದ್ಯಾರ್ಥಿಯ ವಿಷಯದಿಂದಲೇ ಹುಟ್ಟಬೇಕು. ವಾಣಿಜ್ಯದವನು ಚಕ್ರಬಡ್ಡಿಯ ಲೆಕ್ಕವನ್ನು ಮಾಡಿಸಲಿ; ಅರ್ಥಶಾಸ್ತ್ರದವಳು ತನ್ನ ತಾಲ್ಲೂಕಿನ ಜನಗಣತಿಯ ಅಂಕಿಗಳನ್ನು ಹೋಲಿಸಲಿ; ಕನ್ನಡ ಓದುವವನು ಒಂದು ಕಾವ್ಯದಲ್ಲಿ ಯಾವ ಪದವು ಎಷ್ಟು ಸಲ ಬಂದಿದೆಯೆಂದು ಎಣಿಸಲಿ. ಮೂರನೆಯದಾಗಿ, ಪರೀಕ್ಷೆಯು ಲಕ್ಷಣಗಳನ್ನು ಕೇಳದೆ, ಮಾಡಿದ ಕೆಲಸವನ್ನು ನೋಡಬೇಕು.

ನಾಲ್ಕನೆಯದು ಭಾಷೆಯ ಮಾತು. ಡಾರ್ಟ್‌ಮತ್ತಿನವರು ತಮ್ಮ ಹುಡುಗರ ಮಾತನ್ನು ಯಂತ್ರದ ಹತ್ತಿರಕ್ಕೆ ಒಯ್ದರು. ನಮ್ಮ ಬಿ.ಎ. ತರಗತಿಗಳಲ್ಲಿ ಕನ್ನಡದಲ್ಲಿಯೇ ಉತ್ತರ ಬರೆಯುವ ವಿದ್ಯಾರ್ಥಿಗಳಿಗೆ ಈ ಒಂದು ವಿಷಯವನ್ನು ಮಾತ್ರ ಅರ್ಥವಾಗದ ಇಂಗ್ಲಿಷಿನಲ್ಲಿ ಉಣಬಡಿಸುವುದೇಕೆ? ಈಗ ಬಹುಪ್ರಚಾರದಲ್ಲಿರುವ ಪೈಥಾನ್ ಎಂಬ ಭಾಷೆಗೆ ಹಣವನ್ನು ತೆರಬೇಕಾಗಿಲ್ಲ. 2008ರಲ್ಲಿ ಹೊರಟ ಅದರ ಮೂರನೆಯ ಆವೃತ್ತಿಯಿಂದೀಚೆಗೆ ‘ಅಸಲು’, ‘ದರ’, ‘ಬಡ್ಡಿ’ ಎಂಬ ಹೆಸರುಗಳನ್ನು ಕನ್ನಡ ಲಿಪಿಯಲ್ಲಿಯೇ ಇಟ್ಟು ಲೆಕ್ಕ ಮಾಡಿಸಬಹುದು. ಆಜ್ಞೆಯ ಕೆಲವು ಪದಗಳು ಇಂಗ್ಲಿಷಿನವಾಗಿದ್ದರೂ ವಿವರಣೆಯೂ ಉದಾಹರಣೆಯೂ ಅಭ್ಯಾಸವೂ ಕನ್ನಡದಲ್ಲಿ ಇರಲು ಯಾವ ಅಡ್ಡಿಯೂ ಇಲ್ಲ. ಅಡ್ಡಿಯೇನಿದ್ದರೂ ಒಳ್ಳೆಯ ಪುಸ್ತಕದ್ದು; ಅದನ್ನು ಬರೆಸುವುದು ವಿಶ್ವವಿದ್ಯಾನಿಲಯಗಳ ಕರ್ತವ್ಯ.

ಕಲಿಸಲು ಜನರೆಲ್ಲಿ ಎಂದು ಕೇಳುವವರು ಡಾರ್ಟ್‌ಮತ್ತಿನ ವಿದ್ಯಾರ್ಥಿಗಳನ್ನು ನೆನೆಯಲಿ. ಮೇಲಿನ ತರಗತಿಯ ಹುಡುಗರು ಕೆಳಗಿನವರಿಗೆ ಹೇಳಿಕೊಡುವುದು ನಮ್ಮ ಹಳೆಯ ಪಾಠಶಾಲೆಗಳಿಗೆ ಅಪರಿಚಿತವಾದ ಪದ್ಧತಿಯಲ್ಲ. ಒಂದು ಕಾಲೇಜಿನ ಇಪ್ಪತ್ತು ಮಂದಿ ಆಸಕ್ತ ವಿದ್ಯಾರ್ಥಿಗಳನ್ನು ಒಬ್ಬ ಬಲ್ಲ ಅಧ್ಯಾಪಕರು ಒಂದು ವರ್ಷ ತಯಾರು ಮಾಡಿದರೆ, ಮರುವರ್ಷ ಇನ್ನೂರು ಮಂದಿಗೆ ಗುರುಗಳು ಸಿಕ್ಕಿದಂತಾಯಿತು.

ಪಠ್ಯಕ್ರಮವನ್ನು ತಿದ್ದುವ ಅಧಿಕಾರ ಉಳ್ಳವರಲ್ಲಿಯೂ ಕಾಲೇಜುಗಳ ಆಡಳಿತ ಮಂಡಳಿಗಳಲ್ಲಿಯೂ ನಾವು ಮಾಡುವ ಅರಿಕೆ ಇಷ್ಟೇ. ಸರ್ಕಾರದ ಅಪ್ಪಣೆ ಬರುವ ವರೆಗೆ ಕಾಯದೆ, ಬರುವ ಜೂನ್ ತಿಂಗಳಿನಿಂದ ಒಂದು ಕಾಲೇಜು, ಒಂದು ತರಗತಿ, ವಾರಕ್ಕೆ ಎರಡು ಸಂಜೆ ಎಂದು ಆರಂಭಿಸಲಿ. ಅಕ್ಷರ ಬಲ್ಲವರು ಕೆಲವರೇ ಇದ್ದ ಕಾಲದಲ್ಲಿ ಬಾರದವರ ಸಾಲ, ಜಮೀನು, ವ್ಯಾಜ್ಯಗಳೆಲ್ಲ ಬಲ್ಲವರ ಮರ್ಜಿಯಲ್ಲಿದ್ದವು. ಇಂದಿನ ಪದವೀಧರನು ಗಣಕಯಂತ್ರದ ಮುಂದೆ ಅಂಥದೇ ನಿರಕ್ಷರಿಯಾಗಿ ನಿಲ್ಲದಂತೆ ನೋಡಿಕೊಳ್ಳುವುದು ಅವನಿಗೆ ಪದವಿಯನ್ನು ಕೊಡುವವರ ಹೊಣೆ.