ಸೂಚಿಪರ್ಣಿ ಮರಗಳ ಕೊಂಬೆ ಬಾಗುವ ಬಗೆ

ಕೊಪ್ಪ ತಾಲ್ಲೂಕಿನ ಕಮ್ಮರಡಿ ಸುತ್ತಲಿನ ಕಾಡಿನಲ್ಲಿ ಸೂಚಿಪರ್ಣಿ ಮರಗಳು, ಅಂದರೆ ಹೂ ಬಿಡದೆ ಶಂಕುವಿನಲ್ಲಿ ಬೀಜ ಕಟ್ಟುವ ಪೈನ್, ದೇವದಾರುಗಳ ಬಳಗದವು, ತಾವಾಗಿ ಬೆಳೆಯುವುದಿಲ್ಲ. ಸೂಜಿಯಂಥ ಕಡ್ಡಿಗಳನ್ನು ನೋಡಿ ಗಾಳಿಮರವನ್ನೂ ಈ ಗುಂಪಿಗೆ ಸೇರಿಸುವವರಿದ್ದಾರಾದರೂ ಅದು ಹೂ ಬಿಡುವ ಮರ. ಮಲೆನಾಡಿನ ತೋಟದ ಮನೆಗಳ ಮುಂದೆ ಅಂದಕ್ಕೆಂದು ನೆಡುವ, ಜನ ಕ್ರಿಸ್ಮಸ್ ಮರವೆನ್ನುವ ಅರಕೇರಿಯಾ ಮಾತ್ರ ನಿಜವಾದ ಸೂಚಿಪರ್ಣಿ.

ಈ ಬಳಗದ ಮರಗಳಲ್ಲಿ ಕೊಂಬೆಯು ಸಾಮಾನ್ಯವಾಗಿ ಎಳವೆಯಲ್ಲಿ ಮೇಲ್ಮುಖವಾಗಿ ಹೊರಟು, ಉದ್ದವೂ ಭಾರವೂ ಹೆಚ್ಚಿದಂತೆ ಅಡ್ಡಕ್ಕೆ ಒರಗುತ್ತದೆ. ಹಾಗೆ ಒರಗಿದ್ದು ಪೂರ್ತಿ ಜೋತುಬೀಳದಂತೆ ತಡೆಯುವುದು, ಅದರ ಕೆಳಮೈಯಲ್ಲಿ ವರ್ಷವರ್ಷವೂ ಕೂಡಿಕೊಳ್ಳುವ ಸಂಪೀಡನ ಕಾಷ್ಠ, ಎಂದರೆ ಬೆಳೆಯುತ್ತ ಉದ್ದಕ್ಕೆ ಹಿಗ್ಗಿ ಒತ್ತುವ ಕಟ್ಟಿಗೆ. ಗೊನೆ ಬಿಟ್ಟ ಬಾಳೆಗೆ ಕೊಟ್ಟ ಊರುಗೋಲಿನಂತೆ ಇದು ಕೆಳಗಿನಿಂದ ಆತುಕೊಳ್ಳುತ್ತದೆ. ಅಗಲ ಎಲೆಯ ಮರಗಳಲ್ಲಾದರೋ ಸಾಮಾನ್ಯವಾಗಿ ಕೊಂಬೆಯ ಮೇಲ್ಮೈಯ ಕಟ್ಟಿಗೆ ಕುಗ್ಗಿ, ಕೊಂಬೆಯನ್ನು ಎಳೆದು ಹಿಡಿಯುತ್ತದೆ. ಸೂಚಿಪರ್ಣಿಯ ಕೊಂಬೆಯನ್ನು ಅಡ್ಡ ಕೊಯ್ದರೆ ತಿರುಳು ನಡುವಿನಲ್ಲಿರದೆ ಮೇಲಕ್ಕೆ ಸರಿದಿರುವುದೂ, ಕೆಳಭಾಗದ ಬಳೆಗಳು ಅಗಲವಾಗಿ ಕೆಂಪು ಛಾಯೆಗೆ ತಿರುಗಿರುವುದೂ ಕಣ್ಣಿಗೇ ಕಾಣುತ್ತವೆ. ಅಲ್ಲಿನ ಜೀವಕೋಶಗಳ ಗೋಡೆ ದಪ್ಪ. ಕಟ್ಟಿಗೆಗೆ ಗಡಸುತನ ಕೊಡುವ ಲಿಗ್ನಿನ್ ಹೆಚ್ಚು. ಒಣಗುವಾಗ ಇದು ಮಾಮೂಲಿ ಕಟ್ಟಿಗೆಗಿಂತ ಎಷ್ಟೋ ಪಾಲು ಹೆಚ್ಚಾಗಿ ಉದ್ದಕ್ಕೆ ಕುಗ್ಗಿ ಹಲಗೆಯನ್ನು ಸೊಟ್ಟಗೆ ಮಾಡುವುದರಿಂದ ಬಡಗಿಗಳಿಗೆ ಬೇಡವಾದ ವಸ್ತು. ಮರಕ್ಕೆ ಮಾತ್ರ ಅದೇ ಆಧಾರ.

ಪೈನ್ ಮರದ ತುದಿ ಮುರಿದರೆ ಅದರ ಕೆಳಗಿನ ಸುತ್ತಿನ ಕೊಂಬೆಗಳು ಇದೇ ಕಟ್ಟಿಗೆಯ ಬಲದಿಂದ ಮೇಲೆದ್ದು, ಅವುಗಳಲ್ಲೊಂದು ಕ್ರಮೇಣ ಹೊಸ ತುದಿಯಾಗುತ್ತದೆ. ಅರಕೇರಿಯಾದ ಪಕ್ಕದ ಕೊಂಬೆಗೆ ಆ ಸ್ವಾತಂತ್ರ್ಯವಿಲ್ಲ: ಅದನ್ನು ಕಡಿದು ಬೇರು ಬರಿಸಿ ನೆಟ್ಟರೂ ಗಿಡ ನೆಟ್ಟಗೆ ಏಳದೆ ವರ್ಷಗಟ್ಟಲೆ ಅಡ್ಡಡ್ಡವಾಗಿಯೇ ಬೆಳೆಯುವುದರಿಂದ, ನರ್ಸರಿಯವರು ಸಸಿಗೆ ಬೀಜವನ್ನೋ ನೆಟ್ಟನೆಯ ಚಿಗುರನ್ನೋ ನೆಚ್ಚಬೇಕಾಗುತ್ತದೆ. ತುದಿ ಕಳೆದುಕೊಂಡ ಅರಕೇರಿಯಾಗೆ ಮತ್ತೆ ತುದಿ ಮೂಡುವುದು ಕಾಂಡದಲ್ಲಿ ಅಡಗಿರುವ ಮೊಗ್ಗುಗಳಿಂದಲೇ.

ಬೆಂಗಳೂರಿನ ಲಾಲ್‌ಬಾಗ್‌ನಲ್ಲಿ ಗಗನಕ್ಕೆ ನಿಂತಿರುವ ಕುಕ್ ಪೈನ್ ಇದೇ ಕುಲದ್ದು. 1774ರಲ್ಲಿ ನ್ಯೂ ಕ್ಯಾಲಿಡೋನಿಯಾ ತಲುಪಿದ ಜೇಮ್ಸ್ ಕುಕ್‌ನಿಂದ ಅದಕ್ಕೆ ಈ ಹೆಸರು. ವಯಸ್ಸಾದಂತೆ ಅದು ಉದ್ದನೆಯ ಹಳೆಯ ಕೊಂಬೆಗಳನ್ನು ಉದುರಿಸಿ, ಅವುಗಳ ಜಾಗದಲ್ಲಿ ಗಿಡ್ಡ ಕೊಂಬೆಗಳನ್ನು ಹೊರಡಿಸುವುದರಿಂದ ಎಳವೆಯ ಗೋಪುರದಾಕಾರ ಹೋಗಿ ಕಂಬದಾಕಾರ ಬರುತ್ತದೆ. ಇದರ ಕಾಂಡವೂ ನೆಟ್ಟಗಿರುವುದು ಅಪರೂಪ: ಐದು ಖಂಡಗಳ 256 ಮರಗಳನ್ನು ಅಳೆದು 2017ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಅವು ಸರಾಸರಿ 8.55 ಡಿಗ್ರಿಯಷ್ಟು ಸಮಭಾಜಕ ವೃತ್ತದ ಕಡೆಗೆ ವಾಲಿದ್ದವು, ಅಂದರೆ ಉತ್ತರಾರ್ಧಗೋಳದಲ್ಲಿ ಆ ವಾಲಿಕೆ ದಕ್ಷಿಣಕ್ಕೆ.